ಕೆಂಪರಾಜು ಎತ್ತಿದ ಗುಂಡುಕಲ್ಲು

ದಾಬಸ್‌ಪೇಟೆಯ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಎಡಕ್ಕೆ ತಿರುಗಿ ನಾಲ್ಕು ಮೈಲಿ ಹೋದರೆ ಮಾರಗೊಂಡನಪಾಳ್ಯ ಸಿಗುತ್ತದೆ. ಊರ ಚಾವಡಿಯ ಮುಂದೆ ಒಂದು ಗುಂಡುಕಲ್ಲು ಬಿದ್ದಿದೆ. ಒಂದು ಪಲ್ಲ, ಅಂದರೆ ನೂರು ಸೇರು ರಾಗಿಯ ತೂಕ ಅಂತ ಹಿರಿಯರು ಹೇಳುತ್ತಾರೆ. ತೂಗಿ ನೋಡಿದವರು ಯಾರೂ ಇಲ್ಲ. ಮೈಯೆಲ್ಲ ನುಣುಪು, ಹಿಡಿದುಕೊಳ್ಳುವುದಕ್ಕೆ ಒಂದು ಮೂಲೆ ಇಲ್ಲ. ಸಂಕ್ರಾಂತಿಯ ಮಧ್ಯಾಹ್ನ ಊರ ಗಂಡಸರು ಅದರ ಸುತ್ತ ಸೇರುತ್ತಾರೆ. ಅದನ್ನು ನೆಲದಿಂದ ಎತ್ತಿ, ಹೆಗಲಿಗೇರಿಸಿ, ಬೆನ್ನ ಹಿಂದಕ್ಕೆ ಕೆಡವಿದವನಿಗೆ ಪೇಟ ಸುತ್ತುತ್ತಾರೆ. ಸಂಜೆ ಕಿಚ್ಚು ಹಾಯಿಸುವಾಗ ಮೊದಲ ಜೋಡಿ ಹೋರಿಗಳ ಹಗ್ಗ ಅವನ ಕೈಗೆ ಕೊಡುತ್ತಾರೆ. ಸಿಗುವುದು ಅಷ್ಟೇ. ಆದರೆ ಆ ಊರಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಈ ಕತೆ ಆ ಕಲ್ಲನ್ನು ಎತ್ತಿದ ಕೆಂಪರಾಜುವಿನದು. ಎತ್ತಿದ್ದು ನಿಜ, ಊರೆಲ್ಲ ನೋಡಿದೆ. ಆದರೂ ಆ ಮಾತು ಬಂದರೆ ಕೆಂಪರಾಜು ಇವತ್ತಿಗೂ ನೆಲ ನೋಡುತ್ತಾನೆ.

ಅವನಪ್ಪ ಮುನಿಶಾಮಪ್ಪ ಒಂಬತ್ತು ಸಂಕ್ರಾಂತಿ ಆ ಕಲ್ಲನ್ನು ಎತ್ತಿದ್ದವನು. ಮಗ ಮಾತ್ರ ಹುಟ್ಟಿನಿಂದಲೇ ಒಣಕಲು. ಹದಿನೆಂಟು ತುಂಬಿದ ವರ್ಷ, ಅಪ್ಪನ ಹೆಸರು ಉಳಿಸುತ್ತೇನೆ ಅಂತ ಕೆಂಪರಾಜು ಅಂಗಿ ಬಿಚ್ಚಿ ಬಗ್ಗಿದ. ಕಲ್ಲು ಮೊಣಕಾಲಿನವರೆಗೆ ಬಂತು, ಅಲ್ಲಿಂದ ಜಾರಿ ಹೆಬ್ಬೆರಳ ಮೇಲೆ ಕೂತಿತು. ಉಗುರು ಕಿತ್ತುಹೋಯಿತು. ಚಾವಡಿ ಪಕ್ಕದ ಮನೆಯ ಪಿಳ್ಳಮ್ಮ, ಎಲೆ ಅಡಿಕೆ ಜಗಿಯುತ್ತ, ಅಪ್ಪ ಎತ್ತಿದ ಕಲ್ಲಿಗೆ ಮಗನ ಕಾಲು ಗುರುತು ಸಿಕ್ತು ನೋಡ್ರೇ ಅಂದಳು. ಊರು ಆ ಮಾತನ್ನು ಎರಡು ವರ್ಷ ಆಡಿಕೊಂಡಿತು. ಅಲ್ಲಿಂದ ಮುಂದಕ್ಕೆ ಪ್ರತಿ ಸಂಕ್ರಾಂತಿಗೂ ಕೆಂಪರಾಜುವಿಗೆ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಏನಾದರೊಂದು ಕೆಲಸ ಬಂದುಬಿಡುತ್ತಿತ್ತು. ಕಿಚ್ಚಿಗೆ ಹುಲ್ಲು ತರುವುದು, ಹೋರಿಗಳ ಕೊಂಬಿಗೆ ಕಟ್ಟಲು ಟೇಪು ತರುವುದು, ಹೀಗೆ.

ಅವನ ಹೆಂಡತಿ ವಾಣಿಶ್ರೀ ಅದೇ ಊರಿನವಳು. ಅವಳ ಅಣ್ಣ ಬೈರಣ್ಣ. ಹನ್ನೆರಡು ವರ್ಷದಿಂದ ಗುಂಡುಕಲ್ಲು ಎತ್ತುತ್ತಿದ್ದವನು ಇದೇ ಬೈರಣ್ಣ. ಅವನು ಎತ್ತುವ ರೀತಿಯನ್ನು ನೋಡುವುದೇ ಒಂದು ಚೆಂದ. ಮೊದಲು ಕಲ್ಲಿನ ಸುತ್ತ ಒಂದು ಸುತ್ತು ಬರುತ್ತಾನೆ. ಅಂಗೈಗೆ ಒಲೆಯ ಬೂದಿ ಉಜ್ಜಿಕೊಳ್ಳುತ್ತಾನೆ. ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಎಳೆದುಕೊಳ್ಳುತ್ತಾನೆ. ಅಲ್ಲಿ ನಾಲ್ಕು ಉಸಿರು. ಆಮೇಲೆ ಹೊಟ್ಟೆಗೆ ಒತ್ತಿಕೊಂಡು ಏಳುತ್ತಾನೆ, ಅಲ್ಲಿ ಎರಡು ಉಸಿರು. ಆಮೇಲೆ ಎದೆ, ಆಮೇಲೆ ಹೆಗಲು. ಅವಸರ ಅನ್ನುವುದೇ ಇಲ್ಲ. ಅವನ ಕೊಟ್ಟಿಗೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿಗಳಿದ್ದವು. ಮಕ್ಕಳಿಲ್ಲದ ಬೈರಣ್ಣನಿಗೆ ಅವೇ ಮಕ್ಕಳು.

ಕೆಂಪರಾಜು ಬೋರ್‌ವೆಲ್ ಲಾರಿಯಲ್ಲಿ ದುಡಿದ, ಇಟ್ಟಿಗೆ ಗೂಡಿನಲ್ಲಿ ದುಡಿದ, ಕೊನೆಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ದಾಬಸ್‌ಪೇಟೆಯ ಒಂದು ದೊಡ್ಡ ಗೋಡೌನಿಗೆ ಲೋಡಿಂಗ್ ಕೆಲಸಕ್ಕೆ ಸೇರಿದ. ಆರು ತಿಂಗಳಲ್ಲಿ ಸೊಂಟ ಹಿಡಿದುಕೊಂಡಿತು. ಕೆಲಸ ಬಿಡಬೇಕು ಅಂದುಕೊಳ್ಳುತ್ತಿರುವಾಗಲೇ ಕಂಪನಿಯವರು ಹನ್ನೆರಡು ಸೂಟು ತರಿಸಿದರು.

ಸೂಟು ಅಂದರೆ ಬಟ್ಟೆಯಲ್ಲ. ಸೊಂಟಕ್ಕೆ ಅಗಲವಾದ ಒಂದು ಪಟ್ಟಿ, ಅದರ ಎರಡು ಪಕ್ಕಕ್ಕೂ ಕೊಬ್ಬರಿ ಗಿಟುಕಿನಷ್ಟು ದಪ್ಪದ ಮೋಟಾರು. ಅಲ್ಲಿಂದ ತೊಡೆಯ ಉದ್ದಕ್ಕೂ ಇಳಿಯುವ ತೆಳು ಸಲಾಕೆ, ಹೆಗಲಿನಿಂದ ಮಣಿಕಟ್ಟಿನವರೆಗೆ ಉಕ್ಕಿನ ತಂತಿ, ಬೆನ್ನಿಗೆ ಬ್ಯಾಟರಿ. ತೊಟ್ಟವನು ಬಗ್ಗಿದರೆ ಅದಕ್ಕೆ ಗೊತ್ತಾಗುತ್ತದೆ. ಏಳಬೇಕು ಅಂದುಕೊಳ್ಳುವಷ್ಟರಲ್ಲಿ ಅದೇ ಎಬ್ಬಿಸಿರುತ್ತದೆ. ದೂರದಲ್ಲೆಲ್ಲೋ ಜೇನು ಎದ್ದ ಹಾಗೆ ಸಣ್ಣದೊಂದು ಸದ್ದು, ಅಷ್ಟೇ. ಮೊದಲ ದಿನ ಸೂಪರ್‌ವೈಸರ್ ಸುನಿಲ್‌ಕುಮಾರ್ ಹನ್ನೆರಡು ಜನರನ್ನೂ ಸಾಲಾಗಿ ನಿಲ್ಲಿಸಿ ಪಟ್ಟಿ ಬಿಗಿಸಿ, "ಇವತ್ತಿಂದ ನೀವು ಅರ್ಧ ಮನುಷ್ರು, ಅರ್ಧ ಮಿಷಿನ್ನು ಕಣ್ರಪ್ಪ. ಕ್ಯಾಂಟೀನಲ್ಲಿ ಉಣ್ಣೋವಾಗ ಮಾತ್ರ ಪೂರ್ತಿ ಮನುಷ್ರಾಗ್ಬೇಡಿ" ಅಂದ.

ಮಿಕ್ಕವರು ಬೆವರು, ತುರಿಕೆ ಅಂತ ಗೊಣಗಿದರು. ಕೆಂಪರಾಜು ಗೊಣಗಲಿಲ್ಲ. ನಲವತ್ತನಾಲ್ಕು ವರ್ಷ ಭಾರ ಕಂಡರೆ ಅವನು ಹೆದರಿದ್ದ. ಈಗ ಭಾರ ಅವನನ್ನು ಕಂಡು ಹಗುರಾಗುತ್ತಿತ್ತು. ಅರವತ್ತು ಕೆಜಿಯ ಪೆಟ್ಟಿಗೆ ಹತ್ತಿಯ ಮೂಟೆಯಂತೆ ಎದ್ದು ಬರುತ್ತಿತ್ತು. ಮನೆಗೆ ಬಂದು ಎರಡು ಬಿಂದಿಗೆ ನೀರು ಹೊತ್ತರೆ ಅದೇ ಹಳೆಯ ಕೈ ನಡುಗುತ್ತಿತ್ತು ಅನ್ನುವುದು ಬೇರೆ ಮಾತು. ಅದನ್ನು ಅವನು ನೋಡಿಯೂ ನೋಡದ ಹಾಗಿದ್ದ.

ಮನೆಯಲ್ಲಿ ಸೂಟಿನ ಮಾತೆತ್ತಲಿಲ್ಲ. ಮೊದಲ ವಾರ ಹೇಳಲು ನಾಚಿಕೆಯಾಗಿ ಸುಮ್ಮನಾದ, ಆಮೇಲೆ ಹೇಳುವ ಹೊತ್ತು ಮೀರಿಹೋಯಿತು. ಸೊಂಟ ನೋವು ಎಲ್ಲಿ ಹೋಯಿತು ಅಂತ ವಾಣಿಶ್ರೀ ಕೇಳಿದರೆ, ಅಭ್ಯಾಸ ಆಯ್ತು ಅಂದ. ದಿನಕ್ಕೆ ಐನೂರು ಪೆಟ್ಟಿಗೆ ಎತ್ತುತ್ತೇನೆ ಅಂದ. ಅದು ಸುಳ್ಳೇನಲ್ಲ. ಅವಳು ಅದನ್ನು ಹಾಲಿನ ಡೈರಿಯ ಸಾಲಿನಲ್ಲಿ ನಿಂತು ನಾಲ್ಕು ಜನಕ್ಕೆ ಹೇಳಿದಳು.

ಅವರ ಒಬ್ಬಳೇ ಮಗಳು ಕೀರ್ತನ ಆಗ ಹತ್ತನೇ ಕ್ಲಾಸು. ಓದು ಮುಗಿದ ಮೇಲೆ ಫೋನಿನಲ್ಲಿ ಒಂದು ಧಾರಾವಾಹಿ ನೋಡುತ್ತಿದ್ದಳು. ಯಾವುದೋ ಕಾಣದ ಲೋಕ. ಅಲ್ಲಿನ ವೀರರಿಗೆ ಒಬ್ಬನಿಗೆ ಉಕ್ಕಿನ ತೋಳು, ಒಬ್ಬಳಿಗೆ ಬೆಂಕಿ ಕಾರುವ ಕಾಲು, ಇನ್ನೊಬ್ಬನ ಎದೆಯೊಳಗೆ ಗುಂಡಿಗೆಯ ಬದಲು ಯಂತ್ರ. ಬೆಟ್ಟದಿಂದ ಬೆಟ್ಟಕ್ಕೆ ನೆಗೆಯುತ್ತಾರೆ, ಕೋಟೆಯ ಬಾಗಿಲು ಕಿತ್ತು ಎಸೆಯುತ್ತಾರೆ. ಕೆಂಪರಾಜು ಊಟದ ತಟ್ಟೆ ಹಿಡಿದು ಮಗಳ ಪಕ್ಕದಲ್ಲಿ ಕೂತು ತಾನೂ ನೋಡುತ್ತಿದ್ದ. ಯಾರು ಯಾರಿಗೆ ಶತ್ರು ಅಂತ ಅವಳು ಬಿಡಿಸಿ ಹೇಳುತ್ತಿದ್ದಳು. ಅವನಿಗೆ ಒಳಗೊಳಗೇ ನಗು. ಇವಳಿಗೆ ಗೊತ್ತಿಲ್ಲ, ಅಂಥವನೊಬ್ಬ ಪಕ್ಕದಲ್ಲೇ ಮುದ್ದೆ ನುಂಗುತ್ತಾ ಕೂತಿದ್ದಾನೆ ಅಂದುಕೊಳ್ಳುತ್ತಿದ್ದ.

ಆ ವರ್ಷ ದೀಪಾವಳಿಯ ಊಟಕ್ಕೆ ಬೈರಣ್ಣನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಬೈರಣ್ಣ ಕೆಂಪರಾಜುವಿನ ಎಲೆಗೆ ಒಬ್ಬಟ್ಟು ಹಾಕಿಸುತ್ತ, "ನಮ್ಮ ಭಾವ ದಿನಕ್ಕೆ ಐನೂರು ಪೆಟ್ಟಿಗೆ ಎತ್ತುತಾನಂತೆ. ಚಾವಡಿ ಮುಂದೆ ಇರೋದು ಒಂದೇ ಕಲ್ಲು. ಅದೇನು ಪಾಪ ಮಾಡಿತ್ತೋ" ಅಂದ. ಪಂಕ್ತಿಯೆಲ್ಲ ನಕ್ಕಿತು. ಬೈರಣ್ಣನ ತಮಾಷೆಯಲ್ಲಿ ವಿಷ ಇರಲಿಲ್ಲ, ಅವನು ಎಲ್ಲರನ್ನೂ ಹಾಗೇ ಛೇಡಿಸುತ್ತಿದ್ದ. ಆದರೆ ಬಡಿಸುತ್ತಿದ್ದ ವಾಣಿಶ್ರೀ ನಗಲಿಲ್ಲ. ಸಾರಿನ ಪಾತ್ರೆ ಕೆಳಗಿಟ್ಟು, "ಈ ಸಂಕ್ರಾಂತಿಗೆ ಎತ್ತುತಾರೆ ಬಿಡಣ್ಣ" ಅಂದಳು.

ಹೆಂಡತಿ ಹಾಗೆ ನಂಬಿ ಆಡಿದ ಒಂದು ಮಾತು ಅವನನ್ನು ಆ ಕೆಲಸಕ್ಕೆ ಹಚ್ಚಿತು.

ಸೂಟಿನ ಒಳಗಿನ ಮೆತ್ತೆಗಳು ಬೆವರಿನಿಂದ ನಾರುತ್ತಿದ್ದುದರಿಂದ ವಾರದ ರಜೆಗೆ ಅವನ್ನು ಬಿಚ್ಚಿ ಮನೆಗೊಯ್ದು ಒಗೆದು ತರಬೇಕಿತ್ತು. ಸಂಕ್ರಾಂತಿಯ ಹಿಂದಿನ ದಿನ ಕೆಂಪರಾಜು ಮೆತ್ತೆಯ ಜೊತೆ ಸೂಟನ್ನೂ ಸಿಮೆಂಟಿನ ಚೀಲಕ್ಕೆ ತುಂಬಿಕೊಂಡ. ಗೇಟಿನವನು ಹಬ್ಬದ ಅವಸರದಲ್ಲಿ ಚೀಲವನ್ನು ಮುಟ್ಟಿ ನೋಡಿ ಕಳಿಸಿದ. ಮಾರನೆಯ ದಿನ ಮಧ್ಯಾಹ್ನ ಕೆಂಪರಾಜು ಹುಲ್ಲಿನ ಬಣವೆಯ ಹಿಂದೆ ನಿಂತು ಪಟ್ಟಿ ಬಿಗಿದು, ಮೇಲೆ ಸಡಿಲವಾದ ಪ್ಯಾಂಟು, ತುಂಬುತೋಳಿನ ಜರ್ಕಿನ್ನು ಹಾಕಿಕೊಂಡ. ಬ್ಯಾಟರಿ ತುಂಬಿತ್ತು.

ಹಬ್ಬದ ದಿನ ಪಂಚೆ ಬಿಟ್ಟು ಪ್ಯಾಂಟು ಹಾಕಿ ಬಂದವನನ್ನು ಚಾವಡಿ ಮುಂದೆ ಎಲ್ಲರೂ ನೋಡಿದರು. ಎತ್ತುತ್ತೇನೆ ಅಂದಾಗ ಅಂಗಿ ಬಿಚ್ಚು ಅಂದರು. ಮೈ ಬಿಸಿ ಇದೆ, ಜ್ವರ ಬಂದಂಗಿದೆ ಅಂದ. ಜ್ವರ ಬಂದವನು ಕಲ್ಲೆತ್ತುತ್ತಾನಂತೆ ಅಂತ ಪಿಳ್ಳಮ್ಮ ಜಗಲಿಯಿಂದಲೇ ಕೂಗಿ, ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಂಡಳು. ತಮಟೆ ಶುರುವಾಯಿತು. ಆ ಸದ್ದಿಗೆ ಕಾದಿದ್ದವನಂತೆ ಕೆಂಪರಾಜು ಬಗ್ಗಿ, ಕಲ್ಲಿನ ಕೆಳಗೆ ಬೆರಳು ತೂರಿಸಿ, ಎದ್ದ.

ತೊಡೆಯಿಲ್ಲ, ಹೊಟ್ಟೆಯಿಲ್ಲ, ನಡುವೆ ಒಂದು ಉಸಿರೂ ಇಲ್ಲ. ನೆಲದಿಂದ ನೇರ ಹೆಗಲಿಗೆ. ತಮಟೆಯವನ ಕೈ ನಿಂತುಹೋಯಿತು. ಕಲ್ಲು ಅವನ ಬೆನ್ನ ಹಿಂದೆ ದೊಪ್ಪೆಂದು ಬಿದ್ದ ಮೇಲೆಯೇ ಜನಕ್ಕೆ ಮಾತು ಬಂದಿದ್ದು. ಯಾರೋ ಮುನಿಶಾಮಪ್ಪನ ಹೆಸರು ಕೂಗಿದರು. ವಾಣಿಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೀರ್ತನ ಫೋನು ಹಿಡಿದು ವಿಡಿಯೊ ಮಾಡಿಕೊಂಡಳು.

ಈಗ ಬೈರಣ್ಣನ ಸರದಿ. ಹನ್ನೆರಡು ವರ್ಷ ಕಲ್ಲಿನ ಸುತ್ತ ಸುತ್ತು ಬರುತ್ತಿದ್ದವನು ಅವತ್ತು ಸುತ್ತು ಬರಲಿಲ್ಲ. ಬೂದಿ ಉಜ್ಜಲಿಲ್ಲ. ಒಣಕಲು ಭಾವ ಒಂದೇ ಎಳೆತಕ್ಕೆ ಎತ್ತಿದ್ದನ್ನು ಕಣ್ಣಾರೆ ನೋಡಿದ್ದ. ತಾನು ತೊಡೆಯ ಮೇಲೆ ಇಟ್ಟುಕೊಂಡು ಉಸಿರು ತೆಗೆದರೆ ಜನ ನಗುತ್ತಾರೆ ಅನ್ನಿಸಿರಬೇಕು. ಕಾಲು ನೇರ ಇಟ್ಟು, ಬೆನ್ನು ಬಗ್ಗಿಸಿ, ಕೆಂಪರಾಜು ಎತ್ತಿದ ಹಾಗೆಯೇ ಒಂದೇ ಸಲ ಎಳೆದ. ಮನುಷ್ಯರು ಯಾರೂ ಹಾಗೆ ಎತ್ತುವುದಿಲ್ಲ. ಕಲ್ಲು ಒಂದು ಗೇಣು ಎದ್ದಿತು. ಬೈರಣ್ಣನ ಬಾಯಿಂದ ಒಂದು ಸದ್ದು ಬಂತು, ಕೂಗಲ್ಲ, ಗಾಳಿ ಹೋದ ಹಾಗೆ. ಅವನು ಪಕ್ಕಕ್ಕೆ ಒರಗಿದವನು ಏಳಲಿಲ್ಲ. ನಾಲ್ಕು ಜನ ಮಂಚದ ಮೇಲೆ ಮಲಗಿಸಿ ಮನೆಗೆ ಹೊತ್ತರು. ಕಾರು ಮಾಡಿಕೊಂಡು ನೆಲಮಂಗಲಕ್ಕೆ ಹೋದರು.

ಆಗಲೇ ಹೇಳಬಹುದಿತ್ತು. ಕೆಂಪರಾಜು ಬಾಯಿ ತೆರೆದ ಕೂಡ. ಅಷ್ಟರಲ್ಲಿ ಅವನ ತಲೆಗೆ ಪೇಟ ಸುತ್ತುತ್ತಿದ್ದರು.

ಸಂಜೆ ಕಿಚ್ಚಿಗೆ ಮೊದಲು ಹಾಯುವ ಜೋಡಿ ಯಾವಾಗಲೂ ಬೈರಣ್ಣನದೇ. ಆ ಹೋರಿಗಳ ಹಗ್ಗವನ್ನು ತಂದು ಕೆಂಪರಾಜುವಿನ ಕೈಗೆ ಕೊಟ್ಟರು. ಜರ್ಕಿನ್ನಿನ ಒಳಗೆ ಸೂಟು ಇನ್ನೂ ಹಾಗೇ ಇತ್ತು, ಬಿಚ್ಚಲು ಒಂದು ಮರೆ ಸಿಕ್ಕಿರಲಿಲ್ಲ. ಅವನು ಹತ್ತಿರ ಬಂದಾಗ ಎಡಗಡೆಯ ಹೋರಿ ಕಿವಿ ನಿಮಿರಿಸಿ, ಅವನ ಸೊಂಟದ ಕಡೆ ಮೂತಿ ತಿರುಗಿಸಿ ಬುಸುಗುಟ್ಟಿತು. ಆ ಗದ್ದಲದಲ್ಲಿ ಮನುಷ್ಯರಿಗೆ ಕೇಳದ ಸದ್ದು ಅದಕ್ಕೆ ಕೇಳಿಸಿತ್ತು. ಮುಂದಕ್ಕೆ ಒಂದು ಹೆಜ್ಜೆ ಇಡಲೊಲ್ಲದು. ಕೆಂಪರಾಜು ಎಳೆದ, ಎಳೆದದ್ದು ಸೂಟು. ಹೋರಿ ಮುಗ್ಗರಿಸಿಕೊಂಡು ಬೆಂಕಿ ದಾಟಿತು. ಜನ ಸಿಳ್ಳೆ ಹಾಕಿದರು. ದಾಟಿದ ಮೇಲೆ ಅದು ಅವನನ್ನು ತಿರುಗಿ ನೋಡಿದ ನೋಟವನ್ನು ಅವನು ಎಷ್ಟೋ ದಿನ ಮರೆಯಲಿಲ್ಲ.

ಮಾರನೆಯ ದಿನ ಬೆಳಗ್ಗೆ ಕೀರ್ತನ ಫೋನು ತಂದು ಅವನ ಮುಂದೆ ಹಿಡಿದಳು. ವಿಡಿಯೊವನ್ನು ಒಂದು ಕಡೆ ನಿಲ್ಲಿಸಿದ್ದಳು. ಎತ್ತುವಾಗ ಜರ್ಕಿನ್ನು ಮೇಲೆ ಸರಿದು, ಸೊಂಟದ ಹತ್ತಿರ ಸಾಸಿವೆಯಷ್ಟು ದೊಡ್ಡದೊಂದು ಹಸಿರು ದೀಪ ಹೊಳೆಯುತ್ತಿತ್ತು. ಅದರ ಕೆಳಗೆ ಸಲಾಕೆಯ ತುದಿ.

"ಇದೇನಪ್ಪ?"

"ಫೋನಿರ್ಬೇಕು ಕಣವ್ವ" ಅಂದ ಕೆಂಪರಾಜು. ಅವನ ಫೋನು ಅವಳ ಕೈಯಲ್ಲೇ ಇತ್ತು. ಆ ಮನೆಯಲ್ಲಿ ಇದ್ದದ್ದು ಅದೊಂದೇ.

ಅವಳು ಅಪ್ಪನ ಎದುರೇ ವಿಡಿಯೊ ಅಳಿಸಿ, ಫೋನನ್ನು ಗೂಡಿನಲ್ಲಿಟ್ಟು, ಚೀಲ ಹಾಕಿಕೊಂಡು ಸ್ಕೂಲಿಗೆ ಹೋದಳು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಅವತ್ತಿನಿಂದ ಸಂಜೆ ಅವಳು ಧಾರಾವಾಹಿ ನೋಡುವಾಗ ಪಕ್ಕದಲ್ಲಿ ಜಾಗ ಇದ್ದರೂ ಕೆಂಪರಾಜು ಹೋಗಿ ಕೂರಲಿಲ್ಲ, ಅವಳೂ ಕರೆಯಲಿಲ್ಲ. ಸೂಟನ್ನು ಅವನು ರಜೆ ಮುಗಿದ ದಿನವೇ ಎತ್ತಿಕೊಂಡು ಹೋಗಿ ಇದ್ದ ಜಾಗದಲ್ಲಿ ತೂಗುಹಾಕಿದ್ದ. ಯಾರಿಗೂ ಗೊತ್ತಾಗಲಿಲ್ಲ.

ನೆಲಮಂಗಲದ ಡಾಕ್ಟರು ಬೈರಣ್ಣನಿಗೆ ಮೂರು ತಿಂಗಳು ಭಾರ ಎತ್ತಬೇಡಿ, ಬೆನ್ನು ತಾನಾಗಿ ಕೂಡಿಕೊಳ್ಳುತ್ತದೆ ಅಂದಿದ್ದರು. ಬೆನ್ನು ಕೂಡಿಕೊಳ್ಳುತ್ತಲೂ ಇತ್ತು. ಆದರೆ ಬೈರಣ್ಣ ಹೊರಗೆ ಬರುವುದನ್ನೇ ಬಿಟ್ಟ. ಚಾವಡಿ ಕಡೆ ಮುಖ ಹಾಕಲಿಲ್ಲ. ಡೈರಿಗೆ ಹಾಲನ್ನು ಬೇರೆಯವರ ಕೈಲಿ ಕಳಿಸಿದ. ಐದನೆಯ ವಾರ ವಾಣಿಶ್ರೀ ಅಣ್ಣನನ್ನು ನೋಡಿಕೊಂಡು ಬಂದವಳು ಒಲೆಯ ಮುಂದೆ ಕೂತು ಅತ್ತಳು. ಹೋರಿಗಳನ್ನು ಮಾರುತ್ತಾನಂತೆ. ಚನ್ನರಾಯಪಟ್ಟಣದ ಕಡೆಯಿಂದ ಅಪ್ಪಯ್ಯಣ್ಣ ಅನ್ನುವ ದಲ್ಲಾಳಿ ಭಾನುವಾರ ಬೆಳಗ್ಗೆ ಹಿಡಿದುಕೊಂಡು ಹೋಗಲು ಬರುತ್ತಾನಂತೆ. ಬೆನ್ನು ವಾಸಿಯಾಗುತ್ತದಲ್ಲ ಅಂದರೆ, ಬೆನ್ನಿನ ಮಾತಲ್ಲ ಕಣವ್ವ, ಭಾವನಂಥ ಭಾವ ಎತ್ತಿದ ಕಲ್ಲು ನನ್ನ ಕೈಲಾಗಲಿಲ್ಲ ಅಂದಮೇಲೆ ನಾನು ಹೋರಿ ಹಿಡಿಯುವ ಗಂಡಸಲ್ಲ ಅಂದನಂತೆ.

ಕೆಂಪರಾಜು ತಟ್ಟೆಯ ಮುಂದೆ ಕೂತಿದ್ದವನು ಕೈ ತೊಳೆದುಕೊಂಡು ಎದ್ದ. ಆ ನಾಚಿಕೆ ತನ್ನದು. ತಾನು ಹೊರಬೇಕಾದದ್ದನ್ನು ಬೈರಣ್ಣ ಮಂಚದ ಮೇಲೆ ಮಲಗಿ ಹೊರುತ್ತಿದ್ದ.

ಭಾನುವಾರ ಬೆಳಗ್ಗೆ ಹೊರಟಾಗ ಕೀರ್ತನ ತಾನೂ ಬರುತ್ತೇನೆ ಅಂದಳು. ಎಲ್ಲಿಗೆ, ಏಕೆ ಅಂತ ಅವಳು ಕೇಳಲಿಲ್ಲ. ಬೈರಣ್ಣನ ಅಂಗಳದಲ್ಲಿ ಅಪ್ಪಯ್ಯಣ್ಣ ಹೋರಿಗಳ ಹಲ್ಲು ನೋಡುತ್ತಿದ್ದ. ಬೈರಣ್ಣ ದಿಂಬಿಗೆ ಒರಗಿ ಜಗಲಿಯ ಮೇಲೆ ಕೂತಿದ್ದ. ಭಾವನನ್ನು ನೋಡಿ ಮುಖ ಗೋಡೆಗೆ ತಿರುಗಿಸಿದ.

ಕೆಂಪರಾಜು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಗೋಡೌನು, ಸೂಟು, ಸಿಮೆಂಟಿನ ಚೀಲ, ಬಣವೆಯ ಹಿಂದೆ ಪಟ್ಟಿ ಬಿಗಿದದ್ದು, ಜ್ವರದ ಸುಳ್ಳು. ಕಲ್ಲೆತ್ತಿದ್ದು ನಾನಲ್ಲ ಭಾವ, ಮೋಟಾರು ಅಂದ. ಹೇಳುವಷ್ಟು ಹೊತ್ತು ಅವನ ಕಣ್ಣು ಜಗಲಿಯ ಅಂಚಿನ ಮೇಲೆ ಏರಲಿಲ್ಲ.

ಅಪ್ಪಯ್ಯಣ್ಣ ಹೋರಿಯ ಬಾಯಿ ಬಿಟ್ಟು ಇತ್ತ ನೋಡಿದ. ಬೈರಣ್ಣ ಮೆಲ್ಲಗೆ ನಕ್ಕ.

"ನಿನ್ನ ಮನ್ಸು ದೊಡ್ದು ಭಾವ. ನಂಗೆ ಸಮಾಧಾನ ಆಗ್ಲಿ ಅಂತ ಗೆದ್ದಿದ್ನೂ ಇಲ್ಲ ಅಂತೀಯ. ಕನಿಕರ ಬ್ಯಾಡ. ಹೋಗು, ತಿಂಡಿ ತಿನ್ನು ಒಳಗೆ."

ಇದನ್ನು ಕೆಂಪರಾಜು ಎಣಿಸಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ, ಹೊಡೆದರೆ ಹೊಡೆಸಿಕೊಳ್ಳಲು ಬಂದಿದ್ದ. ಮಾಡಿದ ಮೋಸಕ್ಕೆ ದೊಡ್ಡ ಮನಸ್ಸಿನವನು ಅನ್ನಿಸಿಕೊಳ್ಳಲು ಬಂದಿರಲಿಲ್ಲ. ನಿಜ ಭಾವ, ನಿನ್ನಾಣೆ ನಿಜ ಅಂದ. ಬೈರಣ್ಣ ಕೈಯಾಡಿಸಿ ಬಿಟ್ಟ. ಅಪ್ಪಯ್ಯಣ್ಣ ಕೂಡ, ಎಂಥಾ ಸಂಬಂಧಿಕರಪ್ಪ, ಹಿಂಗಿರಬೇಕು ಅಂತ ತಲೆದೂಗಿ ಹಗ್ಗ ಬಿಚ್ಚಲು ಹೋದ. ಎಡಗಡೆಯ ಹೋರಿಯ ಹಗ್ಗ ಗೂಟದಿಂದ ಅರ್ಧ ಸಡಿಲವಾಯಿತು.

"ಮಾವ" ಅಂದಳು ಕೀರ್ತನ. ಅಪ್ಪನ ಹಿಂದೆ ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಿದ್ದಳು. "ಅಪ್ಪ ಸುಳ್ಳು ಹೇಳ್ತಿಲ್ಲ. ವಿಡಿಯೊದಾಗೆ ಮಿಷಿನ್ನು ಕಾಣ್ತಿತ್ತು. ನಾನೇ ಅಳಿಸ್ದೆ."

ಬೈರಣ್ಣ ಗೋಡೆಯಿಂದ ಮುಖ ತಿರುಗಿಸಿದ. ಎತ್ತಿ ಆಡಿಸಿದ ಮಗು ಅವಳು. ಅವಳ ಬಾಯಲ್ಲಿ ಸುಳ್ಳು ಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

"ಯಾಕವ್ವ ಅಳಿಸ್ದೆ?"

"ನಾಚ್ಕೆ ಆಯ್ತು ಮಾವ."

ಕೆಂಪರಾಜು ಕೂತುಬಿಟ್ಟ, ಜಗಲಿಯ ಮೇಲಲ್ಲ, ನೆಲದ ಮೇಲೆ. ತನ್ನ ಮಾತನ್ನು ಯಾರೂ ನಂಬದೆ, ತಾನು ಮೋಸಗಾರ ಅನ್ನುವುದಕ್ಕೆ ಹೆತ್ತ ಮಗಳು ಸಾಕ್ಷಿ ಹೇಳಬೇಕಾಯಿತು. ಇದಕ್ಕಿಂತ ಕೆಳಗೆ ಇನ್ನು ಜಾಗವಿಲ್ಲ ಅನ್ನಿಸಿತು ಅವನಿಗೆ.

ಬೈರಣ್ಣ ಭಾವನ ಕಡೆ ನೋಡಲೇ ಇಲ್ಲ. ದಲ್ಲಾಳಿಯನ್ನು ನೋಡಿ, "ಹಗ್ಗ ಕಟ್ಟಣ್ಣ. ಹೋರಿ ಕೊಡಾಕಿಲ್ಲ" ಅಂದ. ಅಪ್ಪಯ್ಯಣ್ಣ ಮಾತು ಕೊಟ್ಟಿದ್ದೀಯಲ್ಲ ಅಂತ ಒಂದಿಷ್ಟು ಕೂಗಾಡಿ, ಕಾಫಿ ಕುಡಿದು, ಹೋದ. ಅವನು ಹೋದ ಮೇಲೆ ಬೈರಣ್ಣ ಗೋಡೆ ಹಿಡಿದುಕೊಂಡು ಎದ್ದು ನಿಂತ. ಐದು ವಾರದಲ್ಲಿ ಯಾರ ಕೈಯನ್ನೂ ಹಿಡಿಯದೆ ಎದ್ದದ್ದು ಅದೇ ಮೊದಲು. ಕೀರ್ತನಳ ತಲೆ ಸವರಿದ. ಆಮೇಲೆ ಕೆಂಪರಾಜುವಿಗೆ, "ನನ್ ತಾವ ಹೇಳಿದ್ದು ಸಾಲ್ದು. ಪೇಟ ಸುತ್ತಿಸ್ಕೊಂಡಲ್ಲ, ಅಲ್ಲೋಗಿ ಹೇಳು" ಅಂದು ಒಳಗೆ ಹೋದ.

ಕೆಂಪರಾಜು ಹೋಗಿ ಹೇಳಿದ. ಅವತ್ತೇ, ಬಿಸಿಲೇರುವ ಮೊದಲು. ಚಾವಡಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಕೆಲವರು ನಂಬಿದರು, ಕೆಲವರು ನಂಬಲಿಲ್ಲ, ಒಬ್ಬ ಆ ಸೂಟು ಎಲ್ಲಿ ಸಿಗುತ್ತದೆ ಅಂತ ಕೇಳಿದ. ಪಿಳ್ಳಮ್ಮ ಮಾತ್ರ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದೇ ಅವನಿಗೆ ಹೆಚ್ಚು ಉರಿಯಿತು. ವಾಣಿಶ್ರೀಗೆ ಮನೆಯಲ್ಲಿ ಹೇಳಿದಾಗ ಅವಳು, ಡೈರಿ ಸಾಲಿನಲ್ಲಿ ನಾನೇನಂತ ಹೇಳಲಿ ಅಂದಳು, ಅಷ್ಟೇ. ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಸೋಮವಾರ ಸುನಿಲ್‌ಕುಮಾರ್‌ಗೂ ಹೇಳಿದ. ಅವನು ತಲೆ ಚಚ್ಚಿಕೊಂಡು, ಮೇಲಿನವರಿಗೆ ಬರೆದರೆ ಕೆಲಸ ಹೋಗುತ್ತದೆ ಅಂತ ಬರೆಯದೆ, ಮೂರು ತಿಂಗಳು ಸೂಟು ಮುಟ್ಟಬೇಡ ಅಂತ ಲೇಬಲ್ ಅಂಟಿಸುವ ಮೇಜಿಗೆ ಹಾಕಿದ. ಅಲ್ಲಿ ಕೂತಿದ್ದವರೆಲ್ಲ ಹೊಸ ಹುಡುಗಿಯರು. ಎದ್ದು ಪೆಟ್ಟಿಗೆ ಸರಿಸಬೇಕಾದಾಗ ಅವನ ಹಳೆಯ ಸೊಂಟ ನೋವು ಮತ್ತೆ ಬಂತು. ಅವನು ಯಾರಿಗೂ ಹೇಳಲಿಲ್ಲ.

ಆ ಹನ್ನೆರಡರಲ್ಲಿ ಅವನ ಸೂಟನ್ನು ಈಗ ಬೇರೊಬ್ಬ ತೊಡುತ್ತಾನೆ. ಸೂಟಿನ ಮೇಲೆ ಕೆಂಪರಾಜುವಿಗೆ ಕೋಪವಿಲ್ಲ. ಅದು ಎತ್ತು ಅಂದದ್ದನ್ನು ಎತ್ತಿತು. ಅದನ್ನು ತೊಟ್ಟು ಪೆಟ್ಟಿಗೆ ಎತ್ತುವಾಗ ಅವನಿಗೆ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ, ಅದನ್ನು ಮನೆಯಲ್ಲಿ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಇದು ಅವನಿಗೆ ಗೊತ್ತಾದದ್ದು ತಡವಾಗಿ.

ಬೈರಣ್ಣ ಭಾವನ ಜೊತೆ ಮಾತಾಡಲಿಲ್ಲ. ಯುಗಾದಿಗೆ ತಂಗಿಗೆ ಸೀರೆ ಕಳಿಸಿದ, ಕೀರ್ತನಳಿಗೆ ಬಟ್ಟೆ ಕಳಿಸಿದ, ಭಾವನಿಗೆ ಏನೂ ಇಲ್ಲ. ದಾರಿಯಲ್ಲಿ ಎದುರಾದರೆ ಆಚೆ ದಿಣ್ಣೆಗೆ ಸರಿದು ಹೋದ. ಕೆಂಪರಾಜು ಅದನ್ನು ನ್ಯಾಯ ಅಂದುಕೊಂಡ.

ವೈಶಾಖದಲ್ಲಿ ಒಂದು ದಿನ ಕೀರ್ತನ ಮಾವನ ಮನೆಯಿಂದ ಬಂದು, "ನಾಳೆ ಹೋರಿಗೆ ಲಾಳ ಕಟ್ಟೋರು ಬತ್ತಾರಂತೆ. ಕೆಡವಿ ಹಿಡಿಯಾಕೆ ಒಬ್ರು ಬೇಕಂತೆ. ಮಾವ ಹೇಳು ಅಂದ" ಅಂದಳು.

"ನಂಗೆ ಹೇಳು ಅಂದ್ನಾ?"

"ಹೆಸ್ರು ಹೇಳ್ಲಿಲ್ಲ. ನಿಮ್ಮಪ್ಪಂಗೆ ಅಂದ."

ಕೆಂಪರಾಜು ಮಾರನೆಯ ದಿನ ಹಳೆಯ ಚಡ್ಡಿ ಬನಿಯನ್ನು ಹಾಕಿಕೊಂಡು ಹೋದ. ಹೋರಿಯ ಕಾಲಿಗೆ ಹಗ್ಗ ಸುತ್ತಿ ಕೆಡವಿದರು. ಅದು ಒದ್ದಾಡಿದಾಗ ಅವನು ಅದರ ಕುತ್ತಿಗೆಯ ಮೇಲೆ ಮೈಯೆಲ್ಲ ಹಾಕಿ ಹಿಡಿದ. ಎರಡು ಸಲ ಜಾರಿ ಬಿದ್ದ, ಮೊಣಕೈ ತರಚಿತು. ಲಾಳ ಕಟ್ಟುವವನು, ಇನ್ನೂ ಗಟ್ಟಿಯಾಳು ಸಿಗಲಿಲ್ಲವಾ ಅಂತ ಬೈರಣ್ಣನನ್ನು ಕೇಳಿದ. ಜಗಲಿಯ ಮೇಲೆ ಕೂತಿದ್ದ ಬೈರಣ್ಣ, ನಮ್ಮ ಭಾವ ಇವನು, ಇವನೇ ಸಾಕು ಅಂದ. ಕೆಂಪರಾಜು ತರಚಿದ ಮೊಣಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಮತ್ತೆ ಹೋರಿಯ ಕುತ್ತಿಗೆಯ ಮೇಲೆ ಬಗ್ಗಿದ.